ಕೇರಾಫ್ ಡೆಲವೇರ್

ಅಮೆರಿಕದ ಡೆಲವೇರಿನ ವಿಲ್ಮಿಂಗ್ಟನ್ ಪೇಟೆಯ ನಾರ್ತ್ ಆರೆಂಜ್ ಬೀದಿಯಲ್ಲಿ 1209ನೇ ನಂಬರಿನ ಕಟ್ಟಡ ನೋಡಲು ಏನೇನೂ ಅಲ್ಲ. ಒಂದೇ ಅಂತಸ್ತು. ನಮ್ಮ ಯಾವುದೋ ತಾಲ್ಲೂಕಿನ ಸಬ್‌ರಿಜಿಸ್ಟ್ರಾರ್ ಆಫೀಸೇ ಇದಕ್ಕಿಂತ ಠೀವಿಯಿಂದ ನಿಂತಿರುತ್ತದೆ. ಆದರೆ 2012ರಲ್ಲಿ ಪತ್ರಿಕೆಯೊಂದು ಲೆಕ್ಕ ಹಾಕಿದಾಗ ಈ ವಿಳಾಸದಲ್ಲಿ ಸುಮಾರು 2,85,000 ಕಂಪನಿಗಳು ‘ವಾಸ’ವಾಗಿದ್ದವು. ಆಪಲ್ಲೂ ಅಲ್ಲೇ, ಕೋಕಾ-ಕೋಲಾನೂ ಅಲ್ಲೇ. 2016ರ ಚುನಾವಣೆಯಲ್ಲಿ ಹಾವು ಮುಂಗುಸಿಯಂತಿದ್ದ ಟ್ರಂಪ್ ಮತ್ತು ಹಿಲರಿ ಕ್ಲಿಂಟನ್ ಇಬ್ಬರ ಕಂಪನಿಗಳೂ ಅದೇ ಸೂರಿನಡಿ. ಇಷ್ಟೊಂದು ಬಾಡಿಗೆದಾರರಿದ್ದರೂ ಸಂಪಿನ ನೀರಿಗೆ ಜಗಳವಿಲ್ಲ, ಪಾರ್ಕಿಂಗಿಗೆ ತಕರಾರಿಲ್ಲ. ಇದ್ದರೆ ಇಂಥ ಬಾಡಿಗೆದಾರರು ಇರಬೇಕು: ಹೆಸರು ಇಲ್ಲಿ, ಮೈ ಎಲ್ಲೋ, ದುಡ್ಡು ಇನ್ನೆಲ್ಲೋ.

ಡೆಲವೇರ್ ಮೂರೇ ಕೌಂಟಿಗಳ ರಾಜ್ಯ. ಅದರ ಅತಿ ಎತ್ತರದ ಜಾಗ 137 ಮೀಟರು. ಹತ್ತುವವರು ಏದುಸಿರು ಬಿಡುವ ಪ್ರಮೇಯವೇ ಇಲ್ಲ. ಉತ್ತರದ ಗಡಿಯನ್ನು ಮಾತ್ರ ಮಜವಾಗಿ ಎಳೆದಿದ್ದಾರೆ. ನ್ಯೂ ಕ್ಯಾಸಲ್ ಊರಿನ ಕೋರ್ಟ್ ಕಟ್ಟಡದ ನೆತ್ತಿಯ ಮೇಲೆ ಕೈವಾರದ ಮುಳ್ಳೂರಿ, 12 ಮೈಲಿ ದೂರಕ್ಕೆ ಒಂದು ಕಮಾನು ಗೀಚಿದಂತಿದೆ. ಕೋರ್ಟನ್ನು ನಡುವಿಟ್ಟು ಗಡಿ ಬರೆದುಕೊಂಡ ರಾಜ್ಯ ಕೋರ್ಟಿನಿಂದಲೇ ಹೊಟ್ಟೆ ಹೊರೆಯುವುದರಲ್ಲಿ ಆಶ್ಚರ್ಯವೇನು? ಇಲ್ಲಿನ ಚಾನ್ಸರಿ ಕೋರ್ಟಿನಲ್ಲಿ ಜ್ಯೂರಿ ಇಲ್ಲ. ಕಂಪನಿ ಕಾನೂನನ್ನು ಅರೆದು ಕುಡಿದ ನ್ಯಾಯಾಧೀಶರೇ ಇತ್ಯರ್ಥ ಮಾಡುತ್ತಾರೆ. ಜನಸಂಖ್ಯೆ 2020ರ ಗಣತಿಯಲ್ಲಿ 9.9 ಲಕ್ಷ, ನೋಂದಾಯಿತ ಸಂಸ್ಥೆಗಳು 20 ಲಕ್ಷಕ್ಕೂ ಮೇಲೆ. ತಲೆಗೆ ಎರಡರಂತೆ ಹಂಚಿದರೂ ಉಳಿಯುತ್ತವೆ.

ಕಂಪನಿ ನೋಂದಣಿಯ ಈ ಅಂಗಡಿ ಮೊದಲು ಪಕ್ಕದ ನ್ಯೂ ಜೆರ್ಸಿಯದಾಗಿತ್ತು. 1913ರಲ್ಲಿ ಅಲ್ಲಿನ ಗವರ್ನರ್ ವುಡ್ರೊ ವಿಲ್ಸನ್ ದೊಡ್ಡ ಕಂಪನಿಗಳಿಗೆ ಮೂಗುದಾರ ಹಾಕಲು ಹೋದ. ಅವು ಗಂಟುಮೂಟೆ ಕಟ್ಟಿ ನದಿ ದಾಟಿದವು. ಆ ಪಾಠ ಡೆಲವೇರಿಗೆ ಇವತ್ತಿಗೂ ಬಾಯಿಪಾಠ. 2024ರಲ್ಲಿ ಚಾನ್ಸರಿ ಕೋರ್ಟು ಟೆಸ್ಲಾದ ಎಲಾನ್ ಮಸ್ಕ್‌ನ ಸಂಭಾವನೆಯ ಒಪ್ಪಂದವನ್ನು ರದ್ದು ಮಾಡಿತು. ಟೆಸ್ಲಾ ಮುನಿಸಿಕೊಂಡು ಟೆಕ್ಸಾಸಿಗೆ ಹೊರಟಿತು. ಮರುವರ್ಷ ಮಾರ್ಚಿನೊಳಗೆ ಡೆಲವೇರ್ ಕಾನೂನನ್ನೇ ತಿದ್ದಿ, ಕಂಪನಿಯ ಯಜಮಾನರ ಮೇಲೆ ಷೇರುದಾರರು ದಾವೆ ಹೂಡುವುದನ್ನು ಇನ್ನಷ್ಟು ಕಷ್ಟವಾಗಿಸಿತು. ಗಿರಾಕಿ ಮುಖ ಸಿಂಡರಿಸಿದರೆ ಕಾಫಿಗೆ ಇನ್ನೊಂದು ಚಮಚ ಸಕ್ಕರೆ, ಅಷ್ಟೇ.

ನಮ್ಮ ಬೆಂಗಳೂರಿನ ಸ್ಟಾರ್ಟಪ್ ಹುಡುಗರಿಗೂ ಈ ಊರು ಮನೆದೇವರಿದ್ದಂತೆ: ನೋಡಿರುವುದು ಕಡಿಮೆ, ಕಾಣಿಕೆ ತಪ್ಪಿಸುವುದಿಲ್ಲ. ಬಂಡವಾಳ ಹಾಕುವವರು ಕೇಳಿದರೆಂದು ಅಲ್ಲಿ ನೋಂದಾಯಿಸುತ್ತಾರೆ. ಇಲ್ಲಿನ ಷೇರುಪೇಟೆ ಕರೆದಾಗ ವಾಪಸ್ ಬರುತ್ತಾರೆ. ಹಾಗೆ 2024ರಲ್ಲಿ ತವರಿಗೆ ಮರಳಿದ ಗ್ರೋ ಕಂಪನಿ ಕಟ್ಟಿದ ತೆರಿಗೆ ಸುಮಾರು 1,340 ಕೋಟಿ ರೂಪಾಯಿ. ಹೋಗಿಯೇ ಇರದ ಊರಿನಿಂದ ಹಿಂತಿರುಗಲು ಇಷ್ಟು ಬಸ್ ಚಾರ್ಜು!

ಹಾಗಾದರೆ ಡೆಲವೇರಿನಲ್ಲಿ ನಿಜವಾಗಿ ಇರುವವರು ಯಾರು? ಕೋಳಿಗಳು. ದಕ್ಷಿಣದ ಸಸೆಕ್ಸ್ ಕೌಂಟಿ ಬ್ರಾಯ್ಲರ್ ಸಾಕಣೆಯಲ್ಲಿ ಇಡೀ ಅಮೆರಿಕಕ್ಕೇ ಹೆಸರುವಾಸಿ. 1923ರಲ್ಲಿ ಓಷನ್ ವ್ಯೂ ಊರಿನ ಸೆಸಿಲ್ ಸ್ಟೀಲ್ ಎಂಬಾಕೆ 50 ಮರಿ ತರಿಸಿದರೆ 500 ಬಂದಿಳಿದವು. ಆಕೆ ವಾಪಸ್ ಕಳಿಸಲಿಲ್ಲ. ಸಾಕಿ ಮಾಂಸಕ್ಕೆ ಮಾರಿದಳು. ದೊಡ್ಡದೊಂದು ಉದ್ಯಮವೇ ಹೊರಟಿದ್ದು ಆ ಒಂದು ಸೊನ್ನೆಯಿಂದ. ಸೊನ್ನೆಯಿಂದ ದುಡ್ಡು ಮಾಡುವ ವಿದ್ಯೆಯನ್ನು ಉತ್ತರದ ವಿಲ್ಮಿಂಗ್ಟನ್ನಿನ ವಕೀಲರು ಈಕೆಯಿಂದಲೇ ಕಲಿತರೋ ಏನೋ.

ಕಂಪನಿಗಳಿಗೆ ವಿಳಾಸ ಸಿಕ್ಕ ಮೇಲೆ ಓಟು ಬೇಡವೇ? 2018ರಲ್ಲಿ ನೂವರ್ಕ್ ಊರಿನ ಜನಮತಗಣನೆಯಲ್ಲಿ ಒಬ್ಬನೇ ಮಹಾಶಯ ತನ್ನ ಕಂಪನಿಗಳ ಪರವಾಗಿ 31 ಓಟು ಹಾಕಿದ, ಅದೂ ಕಾನೂನುಬದ್ಧವಾಗಿ. 2023ರಲ್ಲಿ ಸೀಫರ್ಡ್ ಪಟ್ಟಣದವರು ನಮ್ಮಲ್ಲೂ ಕಂಪನಿಗಳಿಗೆ ಓಟು ಕೊಡಿ ಎಂದು ಕೇಳಿದರು; ಅದು ಕಾನೂನಾಗಲಿಲ್ಲ. ಸೀಫರ್ಡ್ ಇರುವುದೂ ಸಸೆಕ್ಸಿನಲ್ಲೇ. ಅಲ್ಲಿನ ಕೋಳಿಗಳು ಮೊಟ್ಟೆಯೊಡೆದ ದಿನದಿಂದ ಆ ನೆಲದಲ್ಲೇ ಇವೆ, ಕಾಳು ಹೆಕ್ಕುತ್ತವೆ, ಪ್ರಾಣವನ್ನೂ ಅಲ್ಲೇ ಬಿಡುತ್ತವೆ. ಓಟಿನ ಮಾತು ಬಂದಾಗ ಅವುಗಳ ನೆನಪು ಮಾತ್ರ ಯಾರಿಗೂ ಆಗಲಿಲ್ಲ. ವರ್ಷಕ್ಕೆ 300 ಡಾಲರ್ ಕಟ್ಟಿ ಎಲ್‌ಎಲ್‌ಸಿ ಎಂಬ ಬಗೆಯ ಒಂದು ಕಂಪನಿ ಮಾಡಿಕೊಂಡಿದ್ದರೆ ಅವುಗಳ ಕಥೆಯೇ ಬೇರೆ ಇತ್ತು.