ಬಾಲಶಿರೋವಾದ: ಒಂದು ತಲೆಬುಡ ಮೀಮಾಂಸೆ

ತಲೆಬುಡವಿಲ್ಲದ ಪ್ರಬಂಧ ಎಂದು ವಿದ್ವಾಂಸರು ಪರಸ್ಪರ ಬೈದುಕೊಳ್ಳುವುದುಂಟು. ಆ ಬೈಗುಳಕ್ಕೆ ಸಲ್ಲುವ ಪ್ರಾಣಿ ಯಾವುದೆಂದು ಮಾತ್ರ ಯಾರೂ ಶೋಧಿಸಿದಂತಿಲ್ಲ. ಸದರಿ ಪ್ರಾಣಿ ಎಲಾಸ್ಮೊಸಾರಸ್ ಎಂಬುದು ಈ ಲೇಖಕನ ಪ್ರತಿಜ್ಞೆ.

ಮೊದಲು ಪದಾರ್ಥನಿರ್ಣಯ. ಇದು ಡೈನೋಸಾರ್ ಅಲ್ಲ. ಡೈನೋಸಾರ್‌ಗಳು ನೆಲದ ಮೇಲೆ ದರ್ಬಾರು ನಡೆಸುತ್ತಿದ್ದಾಗ ಕಡಲಲ್ಲಿ ಹುಟ್ಟಿನಂಥ ನಾಲ್ಕು ಕಾಲು ಬೀಸಿಕೊಂಡು ತನ್ನ ಪಾಡಿಗೆ ಈಜುತ್ತಿದ್ದ ಸರೀಸೃಪ. ಸುಮಾರು 8 ಕೋಟಿ ವರ್ಷಗಳ ಹಿಂದೆ ಅಮೆರಿಕದ ಕಾನ್ಸಾಸ್ ಕಡಲಾಗಿತ್ತು. ಈಗ ಗೋಧಿ ಬೆಳೆಯುತ್ತಾರೆ. 1867ರಲ್ಲಿ ಫೋರ್ಟ್ ವಾಲೇಸ್ ಠಾಣ್ಯದ ಸೇನಾ ವೈದ್ಯ ಥಿಯೋಫಿಲಸ್ ಟರ್ನರ್ ಅಲ್ಲಿ ಕಂಡ ಎಲುಬುಗಳು ಮರುವರ್ಷದ ಮಾರ್ಚಿನಲ್ಲಿ ಫಿಲಡೆಲ್ಫಿಯಾಕ್ಕೆ ಬಂದವು. ಬರಮಾಡಿಕೊಂಡವರು ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಡ್ರಿಂಕರ್ ಕೋಪ್, ವಯಸ್ಸು 27.

ಎಲುಬಿನ ಮಣಿ ಪೋಣಿಸಿದರೆ ನಡುವಿನ ಒಂದು ಕಡೆಗೆ ಗಿಡ್ಡ ಸಾಲು, ಇನ್ನೊಂದು ಕಡೆಗೆ ಮುಗಿಯದ ಸಾಲು. ಕೋಪ್ ಹಲ್ಲಿ-ಓತಿಕೇತಗಳನ್ನು ಅರೆದು ಕುಡಿದವರು. ಹಲ್ಲಿಗೆ ಉದ್ದವಿರುವುದು ಕತ್ತೋ ಬಾಲವೋ? ಯಾರ ಮನೆಯ ಗೋಡೆಯನ್ನಾದರೂ ಕೇಳಿ. ತಲೆ ಗಿಡ್ಡ ತುದಿಗೆ ಸೇರಿತು. 1869ರಲ್ಲಿ ಅಚ್ಚಾದ ಚಿತ್ರದಲ್ಲೂ ಪ್ರಾಣಿಗೆ ಮೋಟು ಕತ್ತು, ಹಿಂದೆ ಹಾವಿನಂಥ ಬಾಲ. ತರ್ಕದಲ್ಲಿ ಎಳ್ಳಷ್ಟೂ ದೋಷವಿಲ್ಲ; ದೋಷವೆಲ್ಲ ಪ್ರಾಣಿಯದು. ಜಿರಾಫೆಯೇ ಕತ್ತಿನಲ್ಲಿ ಏಳು ಮಣಿ ಇಟ್ಟುಕೊಂಡು ಮರ್ಯಾದೆಯಿಂದ ಬಾಳುತ್ತಿರುವಾಗ ಇದಕ್ಕೆ ಎಪ್ಪತ್ತಕ್ಕೂ ಮೇಲೆ ಬೇಕಾಯಿತೆಂದರೆ ಅದು ಶುದ್ಧ ಉದ್ಧಟತನ.

ಇಲ್ಲಿ ಪೂರ್ವಪಕ್ಷ. ಇಂಗ್ಲೆಂಡಿನ ಲೈಮ್ ರೀಜಿಸ್‌ನಲ್ಲಿ 1823ರಲ್ಲೇ ಮೇರಿ ಆ್ಯನಿಂಗ್ ಇದರ ನೆಂಟ ಪ್ಲೀಸಿಯೊಸಾರಸ್‌ನ ಇಡೀ ಅಸ್ಥಿಪಂಜರ ತೆಗೆದಿದ್ದರಲ್ಲ, ತಲೆ ಉದ್ದ ಕತ್ತಿನ ತುದಿಯಲ್ಲೇ ಇತ್ತಲ್ಲ ಎನ್ನುತ್ತಾರೆ. ಉತ್ತರ: ಆ ಕತ್ತಿನ ಉದ್ದ ಕಂಡು ಪ್ಯಾರಿಸ್ಸಿನ ಮಹಾಪಂಡಿತ ಕುವಿಯೆ ಅವರೇ ಇದು ಖೋಟಾ ಇರಬಹುದೆಂದು ಶಂಕಿಸಿದ್ದರು. ತಲೆ ಬಾಲದ ತುದಿಯಲ್ಲೇ ಇರತಕ್ಕದ್ದು ಎನ್ನುವ ಬಾಲಶಿರೋವಾದಕ್ಕೆ ಇದಕ್ಕಿಂತ ಆಪ್ತವಾಕ್ಯ ಬೇಕೆ? ಆಮೇಲೆ ಅವರು ಒಪ್ಪಿಕೊಂಡ ಸಂಗತಿಯನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ.

1870ರಲ್ಲಿ ಹಿರಿಯರಾದ ಜೋಸೆಫ್ ಲೈಡಿ, ಕೋಪ್ ಅವರ ಪ್ರಾಣಿ ಹಿಂದುಮುಂದಾಗಿದೆ ಎಂದು ಸಭೆಯಲ್ಲೇ ಹೇಳಿಬಿಟ್ಟರು. ಎಲುಬಿನ ಮಣಿಗಳನ್ನೇ ನೋಡಿ ಹೇಳಿದರಂತೆ. ಸಿದ್ಧಾಂತ ಸಿದ್ಧವಾಗಿರುವಾಗ ಎಲುಬು ನೋಡುವುದು ಎಂಥ ಶಾಸ್ತ್ರ? ಕೋಪ್ ತಾವು ಹಂಚಿದ್ದ ಆ ಚಿತ್ರವಿದ್ದ ಅಚ್ಚುಪ್ರತಿಗಳನ್ನೆಲ್ಲ ವಾಪಸು ತರಿಸಲು ಹೊರಟರು. ಅವರ ಪರಮವೈರಿ ಒಥ್ನೀಲ್ ಮಾರ್ಷ್ ಮಾತ್ರ ತಮ್ಮ ಪ್ರತಿಯನ್ನು ಜೋಪಾನ ಮಾಡಿಟ್ಟು, 1890ರಲ್ಲಿ ಪತ್ರಿಕೆಯಲ್ಲಿ ಜಗಳ ಹತ್ತಿದಾಗ ವಿಷಯವನ್ನು ಮತ್ತೆ ಕೆದಕಿದರು. ಗ್ರಂಥಸಂರಕ್ಷಣೆಗೆ ಇಂಥ ನಿಷ್ಠೆ ವಿರಳ.

ಇನ್ನು ನಿರ್ಣಾಯಕ ಪ್ರಮಾಣ. ಕೋಪ್ ಇಟ್ಟ ಪೂರ್ತಿ ಹೆಸರು ಎಲಾಸ್ಮೊಸಾರಸ್ ಪ್ಲಾಟಿಯೂರಸ್. ಪ್ಲಾಟಿಯೂರಸ್ ಎಂದರೆ ಚಪ್ಪಟೆ ಬಾಲದ್ದು. ಆ ಬಾಲ ಕತ್ತೆಂದು ತೀರ್ಮಾನವಾಗಿ ಒಂದೂವರೆ ಶತಮಾನ ಕಳೆದಿದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಅರ್ಥ ಕೆಟ್ಟಿತೆಂದು ಬದಲಿಸಲು ನಾಮಕರಣದ ನಿಯಮ ಒಪ್ಪುವುದಿಲ್ಲ. ತಲೆಗೆ ವರ್ಗಾವಣೆಯಾಯಿತು, ಕಡತದಲ್ಲಿ ಕತ್ತು ಇವತ್ತಿಗೂ ಬಾಲವೇ.