ಜೋಗಿಮಟ್ಟಿ ಮಾವ

ಚಿತ್ರದುರ್ಗದಿಂದ ಜೋಗಿಮಟ್ಟಿ ಬೆಟ್ಟ ಸುಮಾರು ಹತ್ತು ಕಿಲೋಮೀಟರ್. ನನ್ನ ಸೋದರಮಾವನಿಗೆ ಮಾತ್ರ ನಾಲ್ಕೇ ಮಾತು. ಯಾವ ವಿಷಯ ಎತ್ತಿದರೂ ನಾಲ್ಕನೆಯ ಮಾತಿಗೆ ಅಲ್ಲಿ ಮುಟ್ಟಿರುತ್ತಾನೆ. ಕಾಫಿಗೆ ಸಕ್ಕರೆ ಕಮ್ಮಿಯಾಯಿತೆ? "ಜೋಗಿಮಟ್ಟಿ ಬಂಗ್ಲೆಯಾಗೆ ರಾತ್ರಿಯೆಲ್ಲ ಬೆಲ್ಲ ಕಚ್ಕಂಡು ನೀರು ಕುಡ್ದೀನಿ." ಕರೆಂಟು ಹೋಯಿತೆ? "ಅಲ್ಲಿ ಲಾಟೀನೂ ನಿಲ್ತಿರ್ಲಿಲ್ಲ ಕಣಪ್ಪ, ಆ ಗಾಳಿಗೆ." ಮಗಳನ್ನು ನೋಡಲು ಗಂಡು ಬಂದಾಗ ಸಂಬಳ ಕೇಳುವುದಕ್ಕೆ ಮೊದಲು, "ಬೆಟ್ಟದ ಮ್ಯಾಲೆ ಯಾವತ್ತಾರ ಮಲಗಿದೀಯೇನಪ್ಪ?" ಎಂದು ವಿಚಾರಿಸಿದ ಪುಣ್ಯಾತ್ಮ ಈತ.

ಇಂಥವರು ಹೊಳಲ್ಕೆರೆಯಲ್ಲೂ ಇದ್ದಾರೆ, ಹೊಸದುರ್ಗದಲ್ಲೂ ಇದ್ದಾರೆ. ಯಾವುದೋ ಗುಡ್ಡದ ಮಂಟಪದಲ್ಲಿ ಒಂದೇ ಒಂದು ರಾತ್ರಿ ಕಳೆದು, ಉಳಿದ ಆಯುಷ್ಯವನ್ನೆಲ್ಲ ಅದನ್ನು ಹೇಳುವುದರಲ್ಲಿ ಕಳೆಯುವ ಜನ. ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬೀಳಲು 2022ರ ತನಕ 89 ವರ್ಷ ಕಾಯಿಸಿತು. ಮಾವನ ಕಥೆ ಮಳೆಗೆ ಕಾಯುವುದಿಲ್ಲ.

ಬೆಟ್ಟದ ಎತ್ತರ 3,803 ಅಡಿ. ಅಷ್ಟನ್ನೂ ತಾನೇ ಹತ್ತಿದೆನೆಂಬುದು ಅವನ ವರದಿ. "ಅದು ಸಮುದ್ರದಿಂದ ಲೆಕ್ಕ ಮಾವ. ನಮ್ಮ ದುರ್ಗವೇ 2,400 ಅಡಿ ಮೇಲಿದೆ. ನೀನು ಮಂಗಳೂರಿನಿಂದ ನಡೆದು ಬಂದಿದ್ದರೆ ಸರಿಹೋಗುತ್ತೆ" ಎಂದೆ. ಮೂರು ದಿನ ಮಾತು ಬಿಟ್ಟ. ಮೇಲಿನ ತನಕ ರಸ್ತೆ ಇರುವ ಸಂಗತಿಯನ್ನು ನಾನು ಎತ್ತಲೇ ಇಲ್ಲ. ಸಂಬಂಧ ಮುಖ್ಯ.

ಇನ್ನು ಮಾವನ ಕಥೆಯ ಕರಡಿ. ನಾನು ಚಿಕ್ಕವನಿದ್ದಾಗ ಅದು ದೂರದಲ್ಲೆಲ್ಲೋ ಗುರುಗುಟ್ಟಿತ್ತು. ನನ್ನ ಎಸ್ಸೆಸ್ಸೆಲ್ಸಿ ಹೊತ್ತಿಗೆ ಬಂಗಲೆಯ ಬಾಗಿಲಿಗೆ ಬಂತು. ನನ್ನ ಮದುವೆಯ ಊಟದ ಪಂಕ್ತಿಯಲ್ಲಿ, ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ, ಒಳಗೇ ನುಗ್ಗಿ ಮಾವನ ಕಂಬಳಿ ಎಳೆಯಿತು. ಚಳ್ಳಕೆರೆ ಕಂಬಳಿ ಎಂದು ಗೊತ್ತಾದ ಮೇಲೆ ಮರ್ಯಾದೆಯಿಂದ ಬಿಟ್ಟು ಹೋಯಿತು. ಅತ್ತೆಯ ಅಭಿಪ್ರಾಯವೇ ಬೇರೆ: "ದಾರಿಯಾಗೆ ಆಡುಮಲ್ಲೇಶ್ವರದ ಜೂ ಐತಲ್ಲ, ಅಲ್ಲಿ ಏನೋ ನೋಡ್ಕಂಡು ಬಂದವ್ರೆ."

ಕೊನೆಗೊಂದು ಆಷಾಢದಲ್ಲಿ ನನ್ನನ್ನೂ ಎಳೆದುಕೊಂಡು ಹೊರಟ. 2015ರಲ್ಲಿ ಜೋಗಿಮಟ್ಟಿ ವನ್ಯಧಾಮವಾಗುವುದಕ್ಕಿಂತ ಮುಂಚಿನ ಮಾತು. ಒಂದು ರಾತ್ರಿಗೆ ಮೂವತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ, ಅಮೃತಾಂಜನ, ಎರಡು ಟಾರ್ಚು, ಬೆಲ್ಲ. ಅದೇ ಕಂಬಳಿ. "ಕಷ್ಟ ಅಂದ್ರೆ ಏನಂತ ನಿಂಗೂ ಗೊತ್ತಾಗ್ಲಿ ಅಳಿಯ" ಎನ್ನುತ್ತಾ ಇಷ್ಟನ್ನೂ ನನ್ನ ಹೆಗಲಿಗೇರಿಸಿದ.

ಮೇಲೆ ಗಾಳಿಯೆಂದರೆ ಗಾಳಿ. ಮಂಡಕ್ಕಿ ಕೈಯಿಂದ ಬಾಯಿಗೆ ಬರುವಷ್ಟರಲ್ಲಿ ಹೊಳಲ್ಕೆರೆ ಕಡೆ ಹೊರಟುಬಿಡುತ್ತಿತ್ತು. "ಈ ಗಾಳಿ ಏಷ್ಯಾಕ್ಕೇ ನಂಬರ್ ಟೂ!" ಎಂದು ಮಾವ ಕೂಗಿದ. ನಂಬರ್ ಒನ್ ಎಲ್ಲಿ ಎಂದು ನಾನೂ ಕೂಗಿ ಕೇಳಿದೆ. "ಅಲ್ಲೂ ಒಂದ್ಸಲ ಮಲಗ್ಬೇಕು" ಎಂದ.

ಎಂಟೂವರೆಗೆ ಮಲಗಿದ. ಎಂಟೂ ಮೂವತ್ತೈದಕ್ಕೆ ಗೊರಕೆ. ಹೊರಗೆ ನಂಬರ್ ಟೂ, ಒಳಗೆ ನಂಬರ್ ಒನ್, ನಡುವೆ ನಾನು. ಕಲ್ಲು ನೆಲದ ತಂಡಿ ಬೆನ್ನಿನೊಳಗೆ ಇಳಿಯುತ್ತಿತ್ತು. ಕಿಟಕಿ ಸೀಟಿ ಹೊಡೆಯುತ್ತಿತ್ತು. ನಡುರಾತ್ರಿ ತಡೆಯಲಾರದೆ ಹೊರಗೆ ಹೋದವನು ನಿಂತಲ್ಲೇ ನಿಂತೆ. ಕತ್ತಲಲ್ಲಿ ಕೆಂಪು ಕಣ್ಣುಗಳು. ಒಂದೆರಡಲ್ಲ, ಸಾಲು ಸಾಲು. ಮಿಟುಕುತ್ತಿವೆ.

ಓಡಿಬಂದು ಮಾವನನ್ನು ಅಲ್ಲಾಡಿಸಿದೆ. ಕಂಬಳಿ ತಲೆಯ ಮೇಲಕ್ಕೆ ಹೋಯಿತು. ಒಳಗಿನಿಂದ ದನಿ ಬಂತು: "ಹತ್ರ ಬಂದ್ರೆ ಎಬ್ಸು."

ಗಲಾಟೆಗೆ ಎದ್ದ ಕಾವಲುಗಾರ ಹೊರಗೆ ನೋಡಿ ಆಕಳಿಸಿದ. "ಅವು ಫ್ಯಾನು ಸಾಮಿ. ಆಚೆ ಗುಡ್ಡದ ಮ್ಯಾಲೆ ಕರೆಂಟ್ ಮಾಡ್ತವಲ್ಲ, ಅವು. ವಿಮಾನದೋರಿಗೆ ಕಾಣ್ಲಿ ಅಂತ ಕೆಂಪು ದೀಪ ಹಾಕವ್ರೆ." ಹೋಗಿ ಮಲಗಿದ. ನಾನು ಬೆಳಗಿನ ತನಕ ಬೆಲ್ಲ ಕಚ್ಚಿಕೊಂಡು ನೀರು ಕುಡಿಯುತ್ತಾ ಕುಳಿತೆ.

ಬೆಳಗಾದಾಗ ಮೋಡ ನಮ್ಮ ಕಾಲ ಕೆಳಗಿತ್ತು. ಚೆನ್ನಾಗಿತ್ತು, ಒಪ್ಪಬೇಕು. ಮಾವ ಅದನ್ನು ನೋಡಲಿಲ್ಲ, ಏಳನೆಯ ರೊಟ್ಟಿಯಲ್ಲಿದ್ದ.

ಇಳಿದು ಊರಿಗೆ ಬಂದು ಹೋಟೆಲಿನಲ್ಲಿ ಚಾ ಹೇಳಿದ್ದಷ್ಟೇ. ಪಕ್ಕದ ಮೇಜಿನವರ ಕಡೆ ತಿರುಗಿ ಮಾವ ಶುರುಮಾಡಿದ. "ರಾತ್ರಿ ಜೋಗಿಮಟ್ಟಿಯಾಗಿದ್ವಿ. ಕೆಂಪು ಕಣ್ಣು ನೋಡ್ರಿ, ಬಾಗ್ಲ ಮುಂದೆ! ನಮ್ ಹುಡುಗನೇ ಕಣ್ಣಾರೆ ಕಂಡವ್ನೆ. ಹೇಳೋ ಅಳಿಯ!"

ನಾಲ್ಕು ಮೇಜಿನ ಜನ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. ಹೋಟೆಲಿನ ಯಜಮಾನರೂ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು.

"ಎಷ್ಟಿದ್ವಪ್ಪ ಕರಡಿ?"

"ಆ ಕತ್ತಲಲ್ಲಿ ಎಣಿಸೋಕೆ ಹೋಗಲಿಲ್ಲ" ಎಂದೆ.