ಹಡಗುಮೂಲ: ಒಂದು ಘನ ಸಂಶೋಧನೆ

ಋಷಿಮೂಲ, ನದೀಮೂಲ ಕೆದಕಬಾರದೆಂದ ಹಿರಿಯರು ಹಡಗುಮೂಲದ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. ಸಂಶೋಧಕ ನುಸುಳಲು ಇಷ್ಟು ಸಂದು ಸಾಕು.

ವಸ್ತುವಿವರಣೆ: ಮಂಗಳೂರಿನ ನಮ್ಮ ಹಳೆಮನೆಯ ಅಟ್ಟದಲ್ಲಿ, ಒಡೆದ ಉಪ್ಪಿನಕಾಯಿ ಭರಣಿಯ ಪಕ್ಕ ದೊರೆತ ಈ ಮರದ ಹಡಗಿನ ಉದ್ದ ಒಂದು ಮೊಳ ನಾಲ್ಕು ಬೆರಳು. ಒಡಲು ಹಲಸಿನದು. ಹಾಯಿಕಂಬ ಮೂರು, ಮೂರನೆಯದು ಕೊಡೆಯ ಕಡ್ಡಿಯಂತೆ ಕಂಡರೂ ಹಾಗೆನ್ನುವುದು ಅವಸರವಾದೀತು. ಎಡಮಗ್ಗುಲಲ್ಲಿ ಹನ್ನೊಂದು ಕಿಟಕಿ, ನೂಲೇಣಿ, ಲಂಗರು, ಲಂಗರಿಗೆ ಸರಪಳಿ ಕೂಡ ಇವೆ. ಬಲಮಗ್ಗುಲು ಬೋಳುಬೋಳು. ಅಲುಗಿಸಿದರೆ ಹೊಟ್ಟೆಯೊಳಗೆ ಕೆಂಪು ಮಣ್ಣಿನ ಚೂರೊಂದು ಗುಡುಗುತ್ತದೆ. ಅದರ ಮೇಲೆ ಅರ್ಧ ಸವೆದ ರೋಮನ್ ಅಕ್ಷರಗಳು: 'ಸೆಲ್ ಮಿ'.

ಮೊದಲ ವಾದ, ಪೋರ್ಚುಗೀಸ್ ಮೂಲ: ವಾಸ್ಕೋ ಡ ಗಾಮ 1498ರಲ್ಲಿ ಊರಿಗೆ ಮರಳುವ ಮುನ್ನ ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ಹಡಗು ದುರಸ್ತಿ ಮಾಡಿಸಿದ್ದು ಇತಿಹಾಸ. ದುರಸ್ತಿಗೆ ಮೊದಲು ಬಡಗಿಗಳು ಮಾದರಿ ಕೆತ್ತಿರಬಹುದು. ('ಇರಬಹುದು' ಎಂಬುದು ಮುಂದಿನ ಪುಟದಲ್ಲಿ 'ಇತ್ತು' ಆಗುವುದು ಶಾಸ್ತ್ರಸಮ್ಮತ.) ತಳ ಕೆರೆಯಲು ಹಡಗನ್ನು ಒಂದು ಮಗ್ಗುಲಿಗೆ ವಾಲಿಸುತ್ತಿದ್ದರಷ್ಟೆ, ಆಗ ಬಡಗಿಗೆ ಕಾಣುವುದು ಒಂದೇ ಮಗ್ಗುಲು. ಬೋಳಿನ ರಹಸ್ಯ ಬಯಲಾಯಿತು.

ಎರಡನೆಯ ವಾದ, ಗ್ರೀಕ್ ಮೂಲ: 1498 ತೀರಾ ಈಚಿನದೆಂಬ ಕೊರಗು ಪ್ರಬಂಧಕಾರನಿಗೆ ನಿದ್ದೆ ಕೊಡಲಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ಸಿನ ಗ್ರೀಕ್ ಪ್ರಹಸನದಲ್ಲಿ ಕೆಲವು ಕನ್ನಡ ಮಾತುಗಳಿವೆಯೆಂದು ಆರ್. ಶಾಮಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈ ಮೊದಲಾದವರು ವಾದಿಸಿದ್ದುಂಟು. ನಾಯಕಿ ಕಾರಿಟಿಯನ್ ಭಾರತದ ಕಡಲತೀರದಲ್ಲಿ ಸೆರೆ. ಅವಳ ಕಡೆಯವರು ಬಂದು ಅಲ್ಲಿನ ರಾಜನಿಗೆ ಕುಡಿಸಿ, ಅವಳನ್ನು ಹಡಗು ಹತ್ತಿಸಿ ಪರಾರಿ. ಹಾಗಾದರೆ ಆ ಹಡಗೆಲ್ಲಿ? ನಮ್ಮ ಅಟ್ಟದಲ್ಲಿ! ಕೆಂಪು ಚೂರು ಮದ್ಯದ ಕೊಡದ್ದು. 'ಸೆಲ್ಮಿ' ನಾವಿಕನ ಹೆಸರು. ಗ್ರೀಕ್ ನಾವಿಕ ರೋಮನ್ ಲಿಪಿಯಲ್ಲಿ ಬರೆದದ್ದೇಕೆ ಎನ್ನುವವರು ಅಸೂಯಾಪರರು.

ಪೂರ್ವಪಕ್ಷ: ಪ್ರಬಂಧ ಅಚ್ಚಿಗೆ ಹೊರಟಿದ್ದಾಗ ದೊಡ್ಡತ್ತೆ ಅಡುಗೆಮನೆಯಿಂದ ಆಕ್ಷೇಪವೆತ್ತಿದರು.

"ಎಂಥ ಗ್ರೀಕರು ಮಾರಾಯ! ಅದು ನಿನ್ನ ಅಜ್ಜ ಮಾಡಿದ್ದು. ದಕ್ಕೆಯಲ್ಲಿ ಹಂಚಿನ ಲೆಕ್ಕ ಬರೀತಿದ್ರು. ಮಳೆಗಾಲದಲ್ಲಿ ಮಂಜಿ ಓಡುವುದಿಲ್ಲ, ಕೆಲಸ ಇಲ್ಲ. ಚಾವಡಿಯಲ್ಲಿ ಕೂತು ಕೆತ್ತಿದ್ರು."

"ಒಳಗಿನ ಚೂರು?"

"ನೀರಲ್ಲಿ ಬಿಟ್ಟರೆ ಮಗುಚ್ತಿತ್ತು. ಭಾರಕ್ಕೆ ಒಡೆದ ಹಂಚು ಹಾಕಿದ್ರು. ಬಾಸೆಲ್ ಮಿಶನ್‌ದು."

ಆ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಕ್ರಿ.ಶ. 2ನೇ ಶತಮಾನದ ನಾವಿಕ ಸೆಲ್ಮಿ ಅಲ್ಲೇ ಜಲಸಮಾಧಿಯಾದ.

"ಸರಿ, ಒಂದು ಮಗ್ಗುಲು ಬೋಳು ಯಾಕೆ?"

"ದೊಡ್ಡ ಹಡಗು ದಕ್ಕೆಗೆ ಬರ್ತಿತ್ತಾ? ದೂರದಲ್ಲೇ ನಿಲ್ತಿತ್ತು. ಅವರಿಗೆ ಕಂಡದ್ದು ಈಚೆ ಮಗ್ಗುಲು. ಕಾಣದ್ದನ್ನು ಕೆತ್ತುವುದು ಹೇಗೆ?"

ಅತ್ತೆಯ ಮಾತಿಗೆ ದಾಖಲೆಯ ಬೆಂಬಲವಿರುವುದು ಖೇದಕರ. ಹಳೆ ಬಂದರಿನ ಅಳಿವೆ ಆಳವಿಲ್ಲದ್ದು. ದೊಡ್ಡ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕಬೇಕಿತ್ತು, ಸರಕು ದೋಣಿಗಳಲ್ಲಿ ಹೋಗಬೇಕಿತ್ತು. ಪಣಂಬೂರಿನ ನವಮಂಗಳೂರು ಬಂದರು ಬಂದದ್ದು 1974ರಲ್ಲಿ.

ಉಪಸಂಹಾರ: ಅಜ್ಜ ಗುಮಾಸ್ತರು, ಕಂಡಷ್ಟನ್ನೇ ಕೆತ್ತಿ ಉಳಿದದ್ದನ್ನು ಖಾಲಿ ಬಿಟ್ಟರು. ಮೊಮ್ಮಗ ಸಂಶೋಧಕ, ಆ ಖಾಲಿ ಮಗ್ಗುಲ ಮೇಲೆಯೇ ಎರಡು ಸಾವಿರ ವರ್ಷ ಕೆತ್ತಿದ. ಸಹಸಂಶೋಧಕರಿಗೆ ಒಂದು ಕಿವಿಮಾತು: ಅಟ್ಟದಲ್ಲಿ ಹಡಗು ಸಿಕ್ಕರೆ ಮನೆಯ ಹಿರಿಯರನ್ನು ಕೊನೆಗೆ ಕೇಳಿ. ಮೊದಲೇ ಕೇಳಿದರೆ ಪ್ರಬಂಧ ಹುಟ್ಟುವುದಿಲ್ಲ.